ಹಳೇ ಸಿನಿಮಾಕ್ಕೆ ದೆವ್ವ ಹಿಡಿಸುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟು, ಕಾಲೇಜು, ಕಚೇರಿಗಳಲ್ಲಿ ಸ್ಕಿಟ್ ಬರೆಯುವವರ ನಿದ್ದೆ ಹಾರುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಜಾತಿಯವು: ಎಲ್ಲರಿಗೂ ಬಾಯಿಪಾಠವಾಗಿರುವ ಹಳೇ ಚಿತ್ರದೊಳಕ್ಕೆ ಒಂದು ದೆವ್ವವನ್ನೋ ಡ್ರಾಕುಲಾನನ್ನೋ ನುಗ್ಗಿಸಿ ನಗಿಸುವುದು ಹೇಗೆ? ಕೆಲವರಿಗೆ ಕಥೆಯ ತೊಂದರೆ, ಕೆಲವರಿಗೆ ರಕ್ತದ ತೊಂದರೆ. ಒಬ್ಬರಿಗೆ ಒತ್ತಕ್ಷರದ ತೊಂದರೆ.

ಪ್ರಶ್ನೆ: ‘ಕಸ್ತೂರಿ ನಿವಾಸ’ಕ್ಕೆ ಡ್ರಾಕುಲಾ ಬರುತ್ತಾನೆ ಅಂತ 12 ನಿಮಿಷದ ಸ್ಕಿಟ್ ಬರೆದಿದ್ದೇವೆ. ಮೊದಲೆರಡು ನಿಮಿಷ ಎಲ್ಲರೂ ನಗುತ್ತಾರೆ, ಆಮೇಲೆ ಸಪ್ಪೆ. ಎಲ್ಲಿ ತಪ್ಪಿದೆ ಸಾರ್?
— ವಿಜಯನಗರದ ಅಪಾರ್ಟ್‌ಮೆಂಟ್ ಬಳಗ

ನಿಮ್ಮ ಡ್ರಾಕುಲಾ ಬಂದ ಕೂಡಲೇ ನಾಯಕ ಹೊಡೆದಾಟಕ್ಕೆ ನಿಂತಿರಬೇಕು. ಅಲ್ಲಿಗೆ ಅದು ಕಸ್ತೂರಿ ನಿವಾಸವಲ್ಲ, ಕರಿ ನಿಲುವಂಗಿಯವನಿಗೂ ಬಿಳಿ ಜುಬ್ಬದವನಿಗೂ ಜಗಳ, ಅಷ್ಟೇ. ನಿಲುವಂಗಿ ನೋಡಿ ಬರುವ ನಗು ಎರಡು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ.

1971ರ ಆ ಚಿತ್ರದ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಡುವುದು ಗೊತ್ತು, ಕೈಚಾಚಿ ತೆಗೆದುಕೊಳ್ಳುವುದು ಗೊತ್ತಿಲ್ಲ. ಕೊಟ್ಟೂ ಕೊಟ್ಟೂ ಬರಿಗೈಯಾಗುತ್ತಾನೆ. ಇದನ್ನು ಮುಟ್ಟಬೇಡಿ. ಕೇಳಲು ಬರುವವನನ್ನು ಮಾತ್ರ ಬದಲಿಸಿ. ಇನ್ನು ಡ್ರಾಕುಲಾನ ಕಡೆಯ ಕಟ್ಟಳೆಗಳು. 1897ರ ಮೂಲ ಕಾದಂಬರಿಯಲ್ಲಿ ಅವನು ಮನೆಯವರು ಕರೆಯದೆ ಮೊದಲ ಸಲ ಹೊಸ್ತಿಲು ದಾಟಲಾರ, ಕನ್ನಡಿಯಲ್ಲಿ ಕಾಣುವುದಿಲ್ಲ, ಬೆಳ್ಳುಳ್ಳಿ ಆಗದು. ಹಗಲು ಓಡಾಡಬಲ್ಲ, ಶಕ್ತಿ ಮಾತ್ರ ಕಡಿಮೆ. ಬಿಸಿಲು ಬಿದ್ದರೆ ಸಾಯುತ್ತಾನೆ ಎಂಬುದು 1922ರ ಜರ್ಮನ್ ಮೂಕಿಚಿತ್ರ ತಂದುಹಾಕಿದ ಸೇರ್ಪಡೆ. ಆದ್ದರಿಂದ ನಿಮ್ಮ ಡ್ರಾಕುಲಾ ಹಗಲಿನಲ್ಲೇ ಬಿಎಂಟಿಸಿ ಹತ್ತಿ ಬರಬಹುದು.

ಈಗ ಎರಡನ್ನೂ ಎದುರು ಬದುರು ನಿಲ್ಲಿಸಿ. ಕರೆಯದೆ ಒಳಗೆ ಬರಲಾಗದವನು ಒಬ್ಬ, ಕರೆಯದೆ ಇರಲಾಗದವನು ಇನ್ನೊಬ್ಬ.

“ಎಲೈ ಮಾನವನೇ, ನಾನೂರು ವರ್ಷಗಳಿಂದ ಹಸಿದಿದ್ದೇನೆ!”
“ಅಯ್ಯೋ, ಮೊದಲೇ ಹೇಳಬಾರದೇ? ಬನ್ನಿ ಒಳಗೆ. ಕೈಕಾಲು ತೊಳೆದುಕೊಳ್ಳಿ.”
“ನಿನ್ನ ರಕ್ತ ಬೇಕು!”
“ಕೊಡೋಣ. ಮೊದಲು ಒಂದು ಲೋಟ ಕಾಫಿ ತಗೊಳ್ಳಿ.”

ಮೊದಲ ಮೂರು ನಿಮಿಷ ಇಷ್ಟೇ ಇರಲಿ. ಡ್ರಾಕುಲಾ ಗ್ರಾಂಥಿಕದಲ್ಲಿ ಗುಡುಗಬೇಕು, ಮನೆಯವರು ಬೆಂಗಳೂರಿನ ಆಡುಮಾತಿನಲ್ಲಿ ಉಪಚಾರ ಮಾಡಬೇಕು. ಮಧ್ಯದ ಐದು ನಿಮಿಷಕ್ಕೆ ಲೆಕ್ಕಾಚಾರ ತನ್ನಿ, ಸ್ಕಿಟ್ ನಿಲ್ಲುವುದೇ ಅದರ ಮೇಲೆ. ನಮ್ಮ ದೇಶದ ರಕ್ತದಾನದ ನಿಯಮದ ಪ್ರಕಾರ 45 ಕೆಜಿ ಮೇಲ್ಪಟ್ಟವರಿಂದ 350 ಎಂಎಲ್, 55 ಕೆಜಿ ಮೇಲ್ಪಟ್ಟವರಿಂದ 450 ಎಂಎಲ್ ತೆಗೆಯಬಹುದು. ಗಂಡಸರಾದರೆ 90 ದಿನ, ಹೆಂಗಸರಾದರೆ 120 ದಿನ ಅಂತರ ಇರಬೇಕು. ವಯಸ್ಸು 18ರಿಂದ 65. ಹಿಮೋಗ್ಲೋಬಿನ್ 12.5 ಇರಬೇಕು. ಮನೆಯ ಗುಮಾಸ್ತ ಕನ್ನಡಕ ಏರಿಸಿಕೊಂಡು ಲೆಕ್ಕ ಒಪ್ಪಿಸಲಿ: ಯಜಮಾನರಿಂದ ವರ್ಷಕ್ಕೆ ನಾಲ್ಕು ಸಲ, ಒಟ್ಟು 1,800 ಎಂಎಲ್. 365ರಿಂದ ಭಾಗಿಸಿದರೆ ದಿನಕ್ಕೆ ಹತ್ತಿರಹತ್ತಿರ 5 ಎಂಎಲ್, ಅಂದರೆ ಒಂದು ಟೀ ಚಮಚ. ನಾನೂರು ವರ್ಷದ ಹಸಿವಿಗೆ ದಿನಕ್ಕೊಂದು ಟೀ ಚಮಚ! ಬೈಟು ಕಾಫಿ ಕುಡಿಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ನಾಲ್ಕು ನಿಮಿಷ ಋಣದ ಪೇಚಾಟ. ಉಂಡ ಋಣ ತೀರಿಸದೆ ಹೋಗಲಾರೆ ಎಂದು ಡ್ರಾಕುಲಾ ಚಿನ್ನದ ನಾಣ್ಯ ಕೊಡುತ್ತಾನೆ, ನಾಯಕ ಮುಟ್ಟುವುದಿಲ್ಲ. ಕೋಟೆ ಬರೆದುಕೊಡುತ್ತಾನೆ, ಒಲ್ಲೆ ಎನ್ನುತ್ತಾನೆ. ಕಡೆಗೆ ಅವನು ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ವಾಚ್‌ಮನ್ ಆಗಿ ಸೇರಿಕೊಂಡರೆ ತೆರೆ ಎಳೆಯಿರಿ.

ಒಂದು ಎಚ್ಚರಿಕೆ. ಬಾಯಿ ತುಂಬ ಕೂರುವ ಪ್ಲಾಸ್ಟಿಕ್ ಹಲ್ಲು ಬೇಡ. ಸ, ಶ, ವ ಮೂರೂ ಹೋಗುತ್ತವೆ, ಜೊಲ್ಲು ಇಳಿಯುತ್ತದೆ, ಗ್ರಾಂಥಿಕ ಕನ್ನಡವೆಲ್ಲ ಮಣ್ಣುಪಾಲು. ಎರಡು ಕೋರೆಹಲ್ಲಿಗೆ ಮಾತ್ರ ಟೊಪ್ಪಿಯಂತೆ ಕೂರುವ ಹಲ್ಲು ತಂದು, ಹಾಕಿಕೊಂಡೇ ಮೂರು ದಿನ ಮಾತು ಅಭ್ಯಾಸ ಮಾಡಿಸಿ.

ಪ್ರಶ್ನೆ: ‘ಬಂಗಾರದ ಮನುಷ್ಯ’ದಲ್ಲಿ ಜೋಂಬಿಗಳನ್ನು ಎಲ್ಲಿ ತರಬಹುದು? ನಮ್ಮಲ್ಲಿ ಕುಣಿಯುವವರು 15 ಜನ ಇದ್ದಾರೆ.
— ಮಲ್ಲೇಶ್ವರದ ಕಾಲೇಜು ವಿದ್ಯಾರ್ಥಿನಿ

ಹೊಲದಲ್ಲಿ ತನ್ನಿ, ಮತ್ತೆಲ್ಲಿ! ನಾಯಕ ಕಲ್ಲುಭೂಮಿಯನ್ನು ಹಸನು ಮಾಡುತ್ತಾನೆ, ಅದಕ್ಕೆ ಕೈಗಳು ಬೇಕು. ಮಿದುಳು ತಿನ್ನುವ ಜೋಂಬಿ ಸಿನಿಮಾಗಳ ಕೂಸು. ಅದಕ್ಕೂ ಹಿಂದಿನ, ಹೈಟಿ ದೇಶದ ಜನಪದ ನಂಬಿಕೆಯ ಜೋಂಬಿ ಎಂದರೆ ಸತ್ತ ಮೇಲೂ ಎಬ್ಬಿಸಿ ಗದ್ದೆಯಲ್ಲಿ ದುಡಿಸುವ ಜೀತದಾಳು. ಅವನಿಗೆ ಉಪ್ಪು ಕೊಡಬಾರದು. ಉಪ್ಪು ನಾಲಿಗೆಗೆ ತಾಗಿದರೆ ತಾನು ಸತ್ತಿದ್ದೇನೆ ಎಂಬ ಅರಿವು ಬಂದು ಗೋರಿಗೆ ವಾಪಸ್ ನಡೆದುಬಿಡುತ್ತಾನೆ.

ಈಗ ನಮ್ಮ ಕಡೆಯ ಊಟ ನೆನಪಿಸಿಕೊಳ್ಳಿ. ಯಾರೋ ಸಾಹುಕಾರ ಎಬ್ಬಿಸಿ ಕಳಿಸಿದ ಹದಿನೈದು ಜೋಂಬಿಗಳು ಕಲ್ಲು ಹೊರುತ್ತಿವೆ. ಮುದ್ದೆಗೆ ಉಪ್ಪು ಹಾಕದೆ ತೊಳಸಿದ್ದರಿಂದ ಮೂರು ದಿನ ಏನೂ ಆಗಲಿಲ್ಲ. ನಾಯಕನಿಗೆ ಮನಸ್ಸು ತಡೆಯದೆ ನಾಲ್ಕನೇ ದಿನ ಉಪ್ಪುಸಾರು ಬಡಿಸುತ್ತಾನೆ. ಒಂದು ತುತ್ತು, ಎಲ್ಲರ ಕಣ್ಣೂ ಅಗಲ. ಇಲ್ಲಿ ಜೋಂಬಿಗಳಿಗೆ ಇಕ್ಕಟ್ಟು: ಉಪ್ಪು ತಿಂದ ಮೇಲೆ ಗೋರಿಗೆ ಹೋಗಬೇಕು, ಉಪ್ಪು ತಿಂದ ಮನೆಗೆ ಎರಡು ಬಗೆಯಲೂಬಾರದು. ಹದಿನೈದು ಜನ ಗುಂಪು ಸೇರಿ ಪಂಚಾಯ್ತಿ ಮಾಡಲಿ.

ಕುಣಿತದಲ್ಲಿ ಆಗುವ ತಪ್ಪು ಒಂದೇ, ಎಲ್ಲರೂ ಒಂದೇ ಥರ ಕೈ ಚಾಚಿಕೊಂಡು ಬರುವುದು. ಒಬ್ಬೊಬ್ಬರಿಗೆ ಒಂದೊಂದು ಕೀಲು ಕೆಟ್ಟಿರಲಿ: ಒಬ್ಬನಿಗೆ ಮಂಡಿ, ಒಬ್ಬಳಿಗೆ ಕತ್ತು, ಒಬ್ಬನಿಗೆ ಮಣಿಕಟ್ಟು. ಹದಿನೈದರಲ್ಲಿ ಒಬ್ಬ ಮಾತ್ರ ಸರಿಯಾಗಿ ನಡೆಯಲಿ, ಅವನೇ ಮೇಸ್ತ್ರಿ.

ಪ್ರಶ್ನೆ: ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಹೆಸರಲ್ಲೇ ಭೂತ ಇದೆ. ಸುಲಭ ಅಲ್ಲವೇ?
— ಚಾಮರಾಜಪೇಟೆ

ಸುಲಭವಾಗಿ ಕಾಣುವುದೇ ಅಪಾಯ. ಆ ಭೂತಯ್ಯ ಊರನ್ನು ನಡುಗಿಸಿದ ಜಮೀನ್ದಾರ. ಅವನನ್ನು ಬಿಳಿ ಬಟ್ಟೆಯಲ್ಲಿ ತೇಲಿಸಿದರೆ ಹೆಸರಿನ ಶ್ಲೇಷೆ ಒಂದು ಸಾಲಿಗೆ ಮುಗಿಯಿತು. ದೆವ್ವವಾಗಿ ಬಂದರೂ ಅವನು ಸಾಲದ ಲೆಕ್ಕವೇ ಕೇಳಬೇಕು. ಚಿತ್ರ ಬಂದದ್ದು 1974. ಆಗಿನ ನೂರು ರೂಪಾಯಿ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಐವತ್ತು ವರ್ಷ: ಸರಳ ಬಡ್ಡಿಯಲ್ಲಿ ಅಸಲೂ ಸೇರಿ 1,900 ರೂಪಾಯಿ. ತಿಂಗಳು ತಿಂಗಳು ಚಕ್ರಬಡ್ಡಿ ಹಾಕಿದರೆ 500 ಕೋಟಿಗೂ ಮೇಲೆ. ಈ ಎರಡು ಅಂಕಿಯನ್ನು ಒಂದಾದ ಮೇಲೊಂದು ಓದಿಸಿ. ಹೆದರಿಸಲು ಬೇರೆ ಸೌಂಡ್ ಎಫೆಕ್ಟ್ ಬೇಡ.

ಪ್ರಶ್ನೆ: ಸ್ಟೇಜಿನ ಲೈಟಿಗೆ ನಮ್ಮ ರಕ್ತ ರೂಹ್ ಅಫ್ಜಾ ಥರ ಕಾಣುತ್ತೆ. ಏನು ಬೆರೆಸಬೇಕು?
— ಜಯನಗರ 4ನೇ ಬ್ಲಾಕ್

ಬರೀ ಕೆಂಪು ಬಣ್ಣ ಹಾಕಿದ್ದೀರಿ, ಅದಕ್ಕೇ. ರಕ್ತಕ್ಕೆ ಕಂದು ಬೇಕು, ಚೂರು ಹಸಿರೂ ಬೇಕು.

ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ, ಜಾಮೂನಿಗೆ ಮಾಡುವ ಅಂಟುಪಾಕ ಮಾಡಿ. ಎಳೆಪಾಕ ಬೇಡ, ಆರಿದ ಮೇಲೆ ಹರಳುಗಟ್ಟುತ್ತದೆ. ಕುದಿಯುವಾಗಲೇ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಆ ಕಾಟವೂ ಇಲ್ಲ. ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಹಾಕಿ ಎರಡು ನಿಮಿಷ ಕುದಿಸಿದರೆ ಮೈ ಬರುತ್ತದೆ. ಇಳಿಸಿದ ಮೇಲೆ ಅರ್ಧ ಟೀ ಚಮಚ ತಿನ್ನುವ ಕೆಂಪು ಬಣ್ಣ, ಒಂದು ಟೀ ಚಮಚ ಕೋಕೋ ಪುಡಿ ಮತ್ತು ತಿನ್ನುವ ಹಸಿರು ಬಣ್ಣದ ಒಂದೇ ಹನಿ. ಎರಡನೇ ಹನಿ ಬಿದ್ದರೆ ಹುಣಿಸೆ ಗೊಜ್ಜು.

ಬೀಟ್‌ರೂಟ್ ರಸ ನಂಬಬೇಡಿ. ಬಟ್ಟೆಯ ಮೇಲೆ ಗುಲಾಬಿಯಾಗಿ ಹರಡಿಕೊಂಡು ಹೊತ್ತು ಕಳೆದಂತೆ ಮಂಕಾಗುತ್ತದೆ. ಕುಂಕುಮ ಕಲಸಿದ ನೀರು ಕಣ್ಣಿಗೆ, ಬಾಯಿಗೆ ಹೋಗಬಾರದು. ಸಕ್ಕರೆ ರಕ್ತಕ್ಕೆ ಎರಡು ದೋಷ ಉಂಟು: ನೆಲಕ್ಕೆ ಬಿದ್ದರೆ ಮುಂದಿನ ದೃಶ್ಯದವರು ಜಾರುತ್ತಾರೆ, ಬಿಟ್ಟುಹೋದರೆ ಇರುವೆ ಮುತ್ತುತ್ತದೆ. ಬಾಡಿಗೆ ಉಡುಪಿಗೆ ನೇರವಾಗಿ ಸುರಿಯದೆ, ಅದೇ ಬಣ್ಣದ ಹತ್ತಿ ಬಟ್ಟೆಯ ತುಂಡನ್ನು ಪಿನ್ ಮಾಡಿ ಅದಕ್ಕೆ ಹಚ್ಚಿ. ಡಿಪಾಸಿಟ್ ಉಳಿಯುತ್ತದೆ. ಕಪ್ಪು ಬಿಳುಪಿನ ಕಿರುಚಿತ್ರವಾದರೆ ಇಷ್ಟೆಲ್ಲ ರಾಮಾಯಣ ಏಕೆ? ಚಾಕೊಲೇಟ್ ಸಿರಪ್ ಸಾಕು. 1960ರ ‘ಸೈಕೋ’ದ ಸ್ನಾನಗೃಹದ ದೃಶ್ಯದಲ್ಲಿ ಹರಿದದ್ದೂ ಅದೇ.

ಪ್ರಶ್ನೆ: ಗೋಡೆಯ ಮೇಲೆ ‘ನಾಳೆ ಬಾ’ ಅಂತ ರಕ್ತದ ಅಕ್ಷರ ತಾನಾಗಿ ಮೂಡಬೇಕು, ಮಂತ್ರವಾದಿ ಬಂದಾಗ ಮಾಯವಾಗಬೇಕು. ಪ್ರೊಜೆಕ್ಟರ್‌ಗೆ ದುಡ್ಡಿಲ್ಲ.
— ಹನುಮಂತನಗರದ ಹವ್ಯಾಸಿ ತಂಡ

ಪ್ರೊಜೆಕ್ಟರ್ ಯಾಕೆ, ಅಡುಗೆಮನೆ ಇದೆಯಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದಿದ್ದ ಎರಡು ಪದ ಅವು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಓದಿಕೊಂಡು ವಾಪಸ್ ಹೋಗಲಿ, ಮರುದಿನ ಬಂದು ಮತ್ತೆ ಓದಲಿ ಎಂಬ ಉಪಾಯ. ನಿಮಗೂ ಸುಣ್ಣವೇ ದಾರಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು, ನಿಂಬೆಹುಳಿ ತಾಗಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಓಕುಳಿ ನೀರಿನ ಗುಟ್ಟೇ ಇದು. ಮಂತ್ರವಾದಿಯ ಕೈಗೆ ನಿಂಬೆಹಣ್ಣು ಹೇಗೂ ಬರುತ್ತದಲ್ಲ!

ಎರಡು ಮೀಟರಿನ ಬಿಳಿ ಹತ್ತಿ ಪಂಚೆ ತೆಗೆದುಕೊಳ್ಳಿ. ಮೊದಲು ಬರೀ ನೀರಿನಲ್ಲಿ ಮೂರು ಸಲ ಜಾಲಿಸಿ. ಸೋಪಿನ ಅಂಶ ಉಳಿದಿದ್ದರೆ ಬಣ್ಣ ಕಟ್ಟುವಾಗಲೇ ಅಲ್ಲಲ್ಲಿ ಕೆಂಪು ಕಲೆ ಏಳುತ್ತದೆ, ದೆವ್ವ ಗ್ರೀನ್ ರೂಮಿಗೇ ಬಂದ ಹಾಗೆ. ಎರಡು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಅರಿಶಿನ ಹಾಕಿ ಹತ್ತು ನಿಮಿಷ ಕುದಿಸಿ, ಪಂಚೆಯನ್ನು ಅರ್ಧ ಗಂಟೆ ನೆನೆಸಿ, ಹಿಂಡಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಅರಿಶಿನ ಬಿಳಚಿಕೊಳ್ಳುತ್ತದೆ. ಮುದುರು ಇಲ್ಲದಂತೆ ಚೌಕಟ್ಟಿಗೆ ಬಿಗಿದರೆ ಅದೇ ಗೋಡೆ.

ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚ, ನೀರು ಒಂದು ಲೋಟ. ಕಲಕಿ ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾಟಲಿಗೆ ಬಗ್ಗಿಸಿ ಮುಚ್ಚಳ ಬಿಗಿಯಿರಿ. ಪ್ರದರ್ಶನದ ದಿನವೇ ಮಾಡಿ. ತೆರೆದಿಟ್ಟರೆ ಗಾಳಿಗೆ ಮೇಲೆ ಕೆನೆಗಟ್ಟಿ ಸುಣ್ಣದ ಕಸುವು ಹೋಗುತ್ತದೆ. ಅಡುಗೆ ಸೋಡಾ ಸಾಲದು, ಮಬ್ಬು ಕಿತ್ತಳೆ ಬಣ್ಣ ಬರುತ್ತದೆ ಅಷ್ಟೆ. ಸುಣ್ಣದ ತಿಳಿ ನೋಡಲು ನೀರಿನಂತಿದ್ದರೂ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಬರಿ ಬೆರಳಲ್ಲಿ ಅದ್ದಬೇಡಿ, ಎಲ್ಲಿಗೂ ಚಿಮುಕಿಸಬೇಡಿ. ದೆವ್ವದ ಪಾತ್ರಧಾರಿ ರಬ್ಬರ್ ಗ್ಲೌಸ್ ಹಾಕಿ, ತೋರುಬೆರಳ ತುದಿಗೆ ಸ್ಪಂಜು ಅಂಟಿಸಿ, ಮೇಲೆ ಉದ್ದನೆ ಉಗುರು ಇಟ್ಟುಕೊಳ್ಳಲಿ. ಒಂದೊಂದು ಅಕ್ಷರವೂ ಒಂದೂವರೆ ಅಡಿ ಎತ್ತರ ಇರಲಿ. ಅವಳು ಗೀಚಿದ ಕಡೆ ಕೆಂಪು ತಕ್ಷಣ ಏಳುತ್ತದೆ, ಹಿಂದಿನ ಸಾಲಿನವರಿಗೆ ಬರಿಗಾಳಿಯಲ್ಲಿ ಬರೆದಂತೆ ಕಾಣುತ್ತದೆ.

ಅಳಿಸಲು ನಾಲ್ಕು ನಿಂಬೆಹಣ್ಣಿನ ರಸವನ್ನು ಒಂದು ಲೋಟ ನೀರಿಗೆ ಹಿಂಡಿ ಚೊಂಬಿನಲ್ಲಿಡಿ. ಮಂತ್ರವಾದಿ ಬೇವಿನ ಸೊಪ್ಪನ್ನು ಅದ್ದಿ ಅದ್ದಿ ಪಂಚೆಗೆ ಹೊಡೆಯಲಿ. ಅಕ್ಷರ ತೇಪೆ ತೇಪೆಯಾಗಿ ಕರಗುತ್ತದೆ, ಒಮ್ಮೆಗೇ ಹೋಗುವುದಕ್ಕಿಂತ ಅದೇ ಚೆಂದ. ಒಂದು ಪಂಚೆ ಒಂದೇ ಆಟಕ್ಕೆ. ಹುಳಿ ಕುಡಿದ ಬಟ್ಟೆ ಮತ್ತೆ ಸರಿಯಾಗಿ ಕೆಂಪೇರುವುದಿಲ್ಲ.

ತಂಡಗಳು ಇಲ್ಲಿ ಮುಗ್ಗರಿಸುವುದು ಲೈಟಿಂಗ್‌ನಲ್ಲಿ. ದೆವ್ವದ ಸೀನ್ ಎಂದು ಕೆಂಪು ಲೈಟ್ ಹಾಕಿದರೆ ಹಳದಿಯೂ ಕೆಂಪೂ ಒಂದೇ ಆಗಿ ಅಕ್ಷರವೇ ಕಾಣದು. ನೀಲಿ ಹಾಕಿದರೆ ಎರಡೂ ಕಪ್ಪು. ಗೋಡೆಗೆ ಬಿಳಿ ಬೆಳಕು, ಸುತ್ತ ಕತ್ತಲೆ.

ಅಂದ ಹಾಗೆ, ಅಷ್ಟು ವರ್ಷ ಪ್ರತಿ ರಾತ್ರಿ ‘ನಾಳೆ ಬಾ’ ಓದಿ ಜಗಳವಾಡದೆ ಹಿಂದಿರುಗಿದ ಆ ದೆವ್ವಕ್ಕೆ ಸರ್ಕಾರಿ ಕೌಂಟರಿನ ಮುಂದೆ ನಿಂತು ಒಳ್ಳೆ ಅಭ್ಯಾಸ ಇದ್ದಿರಬೇಕು. ಈ ಮಾತು ಬೇಕಾದರೆ ಸ್ಕಿಟ್‌ಗೆ ಬಳಸಿಕೊಳ್ಳಿ.

ಪ್ರಶ್ನೆ: ಹಳೇ ಕೌಟುಂಬಿಕ ಚಿತ್ರದ ತುಣುಕುಗಳಿಂದ ಹಾರರ್ ಟ್ರೇಲರ್ ಎಡಿಟ್ ಮಾಡುತ್ತಿದ್ದೇನೆ. ಭಯವೂ ಇಲ್ಲ, ನಗುವೂ ಇಲ್ಲ.
— ರಾಜರಾಜೇಶ್ವರಿನಗರ

ನೀವು ಅಳುವ, ಕಿರುಚುವ ಶಾಟ್‌ಗಳನ್ನು ಹುಡುಕಿರಬೇಕು. ಬಿಡಿ ಅವನ್ನು. ನಗುವ ಶಾಟ್ ಹುಡುಕಿ. ಅಮ್ಮ ತುತ್ತು ಕಲಸುತ್ತ ನಗುವುದು, ಮಗು ತೊಟ್ಟಿಲಲ್ಲಿ ಯಾರನ್ನೋ ನೋಡುವುದು, ಅಜ್ಜ ಬಾಗಿಲು ತೆರೆಯುವುದು. ಎರಡು ಸೆಕೆಂಡಿನ ಆ ನಗುವನ್ನು ಅರ್ಧ ವೇಗಕ್ಕಿಳಿಸಿ ನಾಲ್ಕು ಸೆಕೆಂಡು ಮಾಡಿದರೆ ಅದೇ ಅಮ್ಮ ಬೇರೆಯವಳಾಗುತ್ತಾಳೆ. 90 ಸೆಕೆಂಡಿಗೆ 25ರಿಂದ 30 ಶಾಟ್ ಸಾಕು. ಮೊದಲ 20 ಸೆಕೆಂಡು ಯಾವ ಕಿತಾಪತಿಯೂ ಬೇಡ, ಮೂಲ ಚಿತ್ರದ ಟ್ರೇಲರ್ ಎಂದೇ ನಂಬಿಸಿ.

ಸದ್ದಿನದು ಬೇರೆ ಕಥೆ. ಹಳೇ ಚಿತ್ರಗಳಲ್ಲಿ ಮಾತು, ಹಿನ್ನೆಲೆ ಸಂಗೀತ ಎಲ್ಲ ಒಂದೇ ಮಾನೋ ಟ್ರ್ಯಾಕಿನಲ್ಲಿ ಬೆರೆತುಹೋಗಿವೆ. ಈಗಿನ ಸಾಫ್ಟ್‌ವೇರ್‌ಗಳು ಬೇರ್ಪಡಿಸುತ್ತವೆ, ಆದರೆ ಮಾತು ನೀರೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. ಅದರ ಮೇಲೆ ಮಳೆ ಸದ್ದು, ಫ್ಯಾನಿನ ಸದ್ದು ಸಣ್ಣಗೆ ಹಾಸಿದರೆ ಮುಚ್ಚಿಹೋಗುತ್ತದೆ. ದೊಡ್ಡ ‘ಢಂ’ ಕೊಡುವ ಮುಂಚೆ ಪೂರಾ ಒಂದು ಸೆಕೆಂಡ್ ನಿಶ್ಶಬ್ದ ಬಿಡಿ.

ದನಿ ಸ್ವಲ್ಪ ಕೀಚಲು ಅನ್ನಿಸಿದರೆ ನಿಮ್ಮ ಕಿವಿಯದ್ದೇನೂ ತಪ್ಪಿಲ್ಲ. ಚಿತ್ರಗಳು ಸೆಕೆಂಡಿಗೆ 24 ಫ್ರೇಮಿನವು, ನಮ್ಮ ಹಳೇ ಡಿವಿಡಿಗಳಲ್ಲಿ ಹಲವು 25ರವು. ಶೇ 4ರಷ್ಟು ಬೇಗ ಓಡಿ ಶ್ರುತಿ ಅರೆಸ್ವರದ ಮುಕ್ಕಾಲು ಪಾಲಿನ ಆಸುಪಾಸು ಏರಿರುತ್ತದೆ. ವೇಗವನ್ನು ಶೇ 96ಕ್ಕೆ ಇಳಿಸಿ. ಮತ್ತೆ, ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದು ಹಿಗ್ಗಿಸಬೇಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ, ಆ ಕತ್ತಲೆ ನಿಮಗೇ ಅನುಕೂಲ.

ಪ್ರಶ್ನೆ: ಪೋಸ್ಟರಿನಲ್ಲಿ ಶೀರ್ಷಿಕೆಯಿಂದ ರಕ್ತ ತೊಟ್ಟಿಕ್ಕಿಸಿದೆವು. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪ್ರಿಂಟಿಂಗ್‌ನವರು ಫಾಂಟ್ ಸರಿಯಿಲ್ಲ ಅಂತಾರೆ.
— ಸುಲ್ತಾನಪೇಟೆಗೆ ಮೂರು ಸಲ ಅಲೆದವರು

ಫಾಂಟ್ ಸರಿಯಿರಬಹುದು, ಸೆಟ್ಟಿಂಗ್ ಸರಿಯಿಲ್ಲ. ಫೋಟೋಶಾಪ್‌ನ ಟೈಪ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವುದನ್ನು, ಅಂದರೆ ‘ವರ್ಲ್ಡ್ ರೆಡಿ’ ಲೇಔಟನ್ನು ಆರಿಸಿಕೊಳ್ಳದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’, ‘ಮೂರ್ಖ’ ಈ ಮೂರು ಪದ ಬೆರಳಚ್ಚಿಸಿ ನೋಡಿ. ಮೂರೂ ಸರಿ ಬಂದರೆ ಮಿಕ್ಕವೂ ಬರುತ್ತವೆ. ಯೂನಿಕೋಡ್‌ನಲ್ಲಿ ಬರೆದದ್ದಕ್ಕೆ ಹಳೇ ನುಡಿ ಫಾಂಟ್ ಹಾಕಿದರೂ ಗೊಂದಲವೇ. ಕೊನೆಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕೊಟ್ಟರೆ ಅಂಗಡಿಯವರ ಕಂಪ್ಯೂಟರಿನಲ್ಲಿ ಏನಿದೆ ಏನಿಲ್ಲ ಎಂಬ ತಲೆನೋವು ಇರುವುದಿಲ್ಲ. ಎ3 ಅಳತೆಗೆ 300 ಡಿಪಿಐನಲ್ಲಿ 3508 × 4961 ಪಿಕ್ಸೆಲ್, ಕತ್ತರಿಸಲು ಸುತ್ತ 3 ಎಂಎಂ ಹೆಚ್ಚುವರಿ ಬಿಡಿ.

ರಕ್ತ ತೊಟ್ಟಿಕ್ಕಿಸುವುದರಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ಹಳ್ಳ ಇದೆ. ಇಂಗ್ಲಿಷ್ ಅಕ್ಷರಕ್ಕೆ ಎಲ್ಲಿ ಬೇಕಾದರೂ ಹನಿ ಇಳಿಸಬಹುದು. ನಮ್ಮಲ್ಲಿ ಬ, ದ, ಡಗಳ ಬುಡಕ್ಕೆ ಒಂದು ಗೀಟು ಬಿದ್ದರೆ ಅದು ಭ, ಧ, ಢ ಆಗುತ್ತದೆ. ‘ಬಂಗಾರ’ದ ಮೊದಲಕ್ಷರದಿಂದ ಹನಿ ಇಳಿಸಿದರೆ ದೂರಕ್ಕೆ ‘ಭಂಗಾರ’ ಎಂದು ಕಾಣುತ್ತದೆ. ಉತ್ತರ ಕರ್ನಾಟಕದವರು ಗುಜರಿ ಅಂಗಡಿ ಜಾಹೀರಾತು ಅಂದುಕೊಂಡಾರು. ರ, ಗ, ನ ಇಂಥವುಗಳ ಬುಡದಿಂದ ಇಳಿಸಿ, ಇಡೀ ಶೀರ್ಷಿಕೆಗೆ ಮೂರು ಹನಿ ಮೀರಬೇಡಿ.

ಪ್ರಶ್ನೆ: ಹೆಸರು ಬದಲಿಸಿದರೆ ಕಾಪಿರೈಟ್ ಬರುವುದಿಲ್ಲ ಅಂತಾರೆ, ನಿಜವೇ?
— ಬನಶಂಕರಿ

ನಿಜವಲ್ಲ. ಮೇಲೆ ಹೇಳಿದ 1922ರ ಜರ್ಮನ್ ಚಿತ್ರ ಡ್ರಾಕುಲಾನ ಹೆಸರನ್ನು ಬದಲಿಸಿಯೇ ತೆಗೆದದ್ದು. ಕಾದಂಬರಿಕಾರನ ಹೆಂಡತಿ ದಾವೆ ಹೂಡಿದರು, ಪ್ರತಿಗಳನ್ನು ನಾಶಮಾಡಿ ಎಂದು ಕೋರ್ಟ್ ಆದೇಶಿಸಿತು. ಅಲ್ಲೊಂದು ಇಲ್ಲೊಂದು ಪ್ರತಿ ಉಳಿದದ್ದರಿಂದ ನಮಗೆ ನೋಡಲು ಸಿಕ್ಕಿದೆ.

ನಮ್ಮಲ್ಲಿ 1957ರ ಕಾಯ್ದೆಯಂತೆ ಚಿತ್ರ ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1971ರದಕ್ಕೆ 2031ರ ಕೊನೆ, 1974ರದಕ್ಕೆ 2034ರ ಕೊನೆ. ಕಥೆಗೆ ಬೇರೆಯೇ ಲೆಕ್ಕ: ಲೇಖಕರ ಜೀವಿತಾವಧಿ, ಮೇಲೆ 60 ವರ್ಷ. ಅಯ್ಯುವಿನ ಮೂಲ ಕಥೆ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ತೀರಿಕೊಂಡದ್ದು 1991ರಲ್ಲಿ, ಹಾಗಾಗಿ 2051ರವರೆಗೆ. ಟಿಕೆಟ್ ಇಡದೆ ಹವ್ಯಾಸಿ ಸಂಘ ಮಾಡುವ ನಾಟಕಕ್ಕೆ, ಶಾಲಾ ಕಾಲೇಜಿನವರು ತಮ್ಮೊಳಗೆ ಆಡುವುದಕ್ಕೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಚಿತ್ರದ ತುಣುಕು, ಹಾಡು ಎತ್ತಿಕೊಂಡು ಇಂಟರ್‌ನೆಟ್ಟಿಗೆ ಏರಿಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ರಾಜರಾಜೇಶ್ವರಿನಗರದವರೂ ಇದನ್ನು ಗಮನಿಸಿ.

ತಂಟೆಯೇ ಬೇಡ ಎಂದರೆ ಹರಿಶ್ಚಂದ್ರನನ್ನು ಹಿಡಿಯಿರಿ. ಸಿನಿಮಾದಿಂದಲ್ಲ, 13ನೇ ಶತಮಾನದ ರಾಘವಾಂಕನಿಂದ. ಸ್ಮಶಾನ ಸಿದ್ಧವಾಗಿದೆ, ಕಾವಲುಗಾರ ಸುಳ್ಳು ಹೇಳುವುದಿಲ್ಲ. “ನನ್ನನ್ನು ನೋಡಿದರೆ ಭಯವಾಗುತ್ತದೆಯೇ?” ಎಂದು ದೆವ್ವ ಆಸೆಯಿಂದ ಕೇಳಿದರೆ ಪಾಪ, ಅವನು ಏನು ಹೇಳಬೇಕು? ಫ್ರಾಂಕನ್‌ಸ್ಟೈನ್ ಕಾದಂಬರಿ 1818ರದು, ಅದೂ ಮುಕ್ತ. ಚಪ್ಪಟೆ ತಲೆ, ಕುತ್ತಿಗೆಯ ಬೋಲ್ಟು ಮಾತ್ರ 1931ರ ಸಿನಿಮಾದ ಮೇಕಪ್ಪು, ಕಾದಂಬರಿಯಲ್ಲಿಲ್ಲ. ನಿಮ್ಮ ವೇಷ ನೀವೇ ಮಾಡಿಕೊಳ್ಳಿ.

ಪ್ರಶ್ನೆ: ತುಳುನಾಡಿನ ಭೂತವನ್ನು ವಿಲನ್ ಮಾಡಬಹುದೇ?
— ಹೆಬ್ಬಾಳ

ಬೇಡ. ಅಲ್ಲಿ ಭೂತ ಎಂದರೆ ದೆವ್ವವಲ್ಲ, ನಂಬಿದ ದೈವ. ಮೋಹಿನಿ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸ, ಮರಕ್ಕೆ ಜೋತುಬೀಳುವ, ಹೆಗಲೇರಿ ಕಥೆ ಹೇಳುವ ಬೇತಾಳ ಇಷ್ಟು ಜನ ಕೆಲಸವಿಲ್ಲದೆ ಕೂತಿದ್ದಾರೆ, ಅವರನ್ನು ಕರೆಯಿರಿ.

ಪ್ರಶ್ನೆ: ಸಾಂಬ್ರಾಣಿ ಹೊಗೆ ಹಾಕಿದರೆ ದೆವ್ವದ ಸೀನು ಪೂಜೆ ಥರ ಕಾಣುತ್ತೆ. ಡ್ರೈ ಐಸ್ ತರೋಣವೇ?
— ಬಸವನಗುಡಿ

ಸಾಂಬ್ರಾಣಿ ಹೊಗೆ ಬಿಸಿ, ಮೇಲೇಳುತ್ತದೆ. ಮುಂದಿನ ಸಾಲಿನವರು ಕೈಮುಗಿದರೆ ಅವರನ್ನು ಅನ್ನುವಂತಿಲ್ಲ. ಡ್ರೈ ಐಸ್‌ನ ಮಂಜು ತಣ್ಣಗೆ, ಭಾರ. ನೆಲದಲ್ಲೇ ಹರಿಯುತ್ತದೆ. ಎರಡು ಮೂರು ಕೆಜಿಗೆ ಹತ್ತು ಲೀಟರ್ ಬಿಸಿನೀರು ಹಾಕಿದರೆ ಸಣ್ಣ ವೇದಿಕೆಗೆ ನಾಲ್ಕೈದು ನಿಮಿಷ ಸಾಕು, ನೀರು ತಣ್ಣಗಾದಂತೆ ಮಂಜೂ ನಿಲ್ಲುತ್ತದೆ. ಅದರ ಶೈತ್ಯ ಮೈನಸ್ 78.5 ಡಿಗ್ರಿ, ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಬಾಟಲಿಗೆ ಹಾಕಿ ಮುಚ್ಚಿದರೆ ಸಿಡಿಯುತ್ತದೆ, ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಲಿ. ಅದು ಇಂಗಾಲದ ಡೈಆಕ್ಸೈಡ್, ತಗ್ಗಿನಲ್ಲಿ ಕಟ್ಟಿಕೊಂಡು ಉಸಿರು ಕಟ್ಟಿಸುತ್ತದೆ. ಆದ್ದರಿಂದ ವೇದಿಕೆಯ ಕೆಳಗೆ ಜಮಖಾನೆಯ ಮೇಲೆ ಮಕ್ಕಳನ್ನು ಕೂರಿಸಿದ್ದರೆ ಬೇಡ. ನಿಮ್ಮ ನಾಟಕದಲ್ಲಿ ಹೆಣದ ಪಾತ್ರವಿದ್ದು ಅದು ನೆಲದ ಮೇಲೆ ಮಲಗುವುದಾದರೆ ಖಂಡಿತ ಬೇಡ.

ಪ್ರಶ್ನೆ: ಮೋಹಿನಿಯ ಪಾದ ಹಿಂದುಮುಂದಾಗಿ ಕಾಣಬೇಕು.
— ಯಲಹಂಕದ ಗೃಹಿಣಿಯರ ತಂಡ

ಹಳೇ ಹವಾಯಿ ಚಪ್ಪಲಿಯ ಮುಂದಿನರ್ಧ ಕತ್ತರಿಸಿ, ಫೋಮಿನಿಂದ ಬೆರಳು ಮಾಡಿ ಅಂಟಿಸಿ, ಮೈಬಣ್ಣದ ಕಾಲುಚೀಲ ತೊಡಿಸಿ, ಹಿಮ್ಮಡಿಗೆ ಎಲಾಸ್ಟಿಕ್‌ನಲ್ಲಿ ಕಟ್ಟಿ. ನಿಜವಾದ ಪಾದಕ್ಕೆ ಕರಿ ಕಾಲುಚೀಲ, ನೆಲಕ್ಕೆ ಕರಿ ಬಟ್ಟೆ. ಸೀರೆ ನೆಲದಿಂದ ಐದು ಇಂಚು ಮೇಲಿರಲಿ, ಜಾರದಂತೆ ಅಂಗಾಲಿಗೆ ರಬ್ಬರ್ ತುಂಡು ಹೊಲಿಯಿರಿ. ಗೆಜ್ಜೆ ನಿಜವಾದ ಕಾಲಿಗೇ ಕಟ್ಟಿ, ಸುಳ್ಳು ಪಾದಕ್ಕೆ ಕಟ್ಟಿದರೆ ಒಂದು ಹೆಜ್ಜೆ ತಡವಾಗಿ ಕೇಳಿಸುತ್ತದೆ. ಮೋಹಿನಿಗೆ ಮೆಟ್ಟಿಲು ಹತ್ತುವ ದೃಶ್ಯ ಕೊಡಬೇಡಿ.

ಪ್ರಶ್ನೆ: ಅಣ್ಣಾವ್ರ ಚಿತ್ರ ಮುಟ್ಟಿದರೆ ಅಭಿಮಾನಿಗಳು ಬಯ್ಯುವುದಿಲ್ಲವೇ?
— ರಾಜಾಜಿನಗರ

ದನಿ ಅನುಕರಣೆ ಮಾಡದಿದ್ದರೆ ಅರ್ಧ ಗೆದ್ದಿರಿ. ನಾಯಕನಿಗೆ ದೆವ್ವ ಹಿಡಿಸದಿದ್ದರೆ ಉಳಿದರ್ಧವೂ ಗೆದ್ದಿರಿ. ದೆವ್ವಕ್ಕೆ ನಾಯಕ ಹಿಡಿಯಲಿ.